ಕಾಳಿಯ ದಂಡೆಯ ಕದ್ವಾಡ

ಪ್ರತಿವರ್ಷ ಮಾಘಮಾಸದಲ್ಲಿ ಧಾರವಾಡ, ಬೆಳಗಾವಿ ಸೀಮೆಯ ಹಳ್ಳಿಗಳಿಂದ ಚಕ್ಕಡಿ ಕಟ್ಟಿಕೊಂಡು ಉಳವಿಗೆ ತೆರಳುವ ಭಕ್ತಸಮೂಹವನ್ನು ಕಾಣದವರು ನಮ್ಮಲ್ಲಿ ವಿರಳ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಆಶ್ರಯ ಪಡೆದ ಆ ದಟ್ಟಡವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯ ದರ್ಶನ ಪಡೆದ ಬಳಿಕ, ವಾಹನಗಳಲ್ಲಿ ಬಂದ ಕುಟುಂಬಗಳು ಕುಂಬಾರವಾಡ, ಅಣಶಿ, ಕದ್ರಾ ಮಾರ್ಗವಾಗಿ ಘಟ್ಟವಿಳಿದು ಕಾರವಾರದ ಸಮುದ್ರವನ್ನೂ ನೋಡಿ ಹಿಂದಿರುಗುವುದುಂಟು. ಮಕ್ಕಳು ಮರಳಿನಲ್ಲಿ ಆಡುತ್ತಾರೆ. ಹಿರಿಯರು ದಂಡೆಯ ಮೇಲೆ ನಿಲ್ಲಿಸಿರುವ ಹಳೆಯ ಯುದ್ಧನೌಕೆಯನ್ನು ನೋಡುತ್ತಾರೆ. ಈ ಕಡಲತೀರಕ್ಕೆ ಕವಿ ರವೀಂದ್ರನಾಥ ಠಾಕೂರರ ಹೆಸರಿಟ್ಟಿರುವುದನ್ನು ಓದಿ ಸಂತೋಷಪಡುತ್ತಾರೆ. ಆದರೆ ಕಾರವಾರಕ್ಕೆ ಆ ಹೆಸರನ್ನು ಕೊಟ್ಟ ಮೂಲ ಗ್ರಾಮವು ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿ, ಕಾಳಿನದಿಯ ದಂಡೆಯಲ್ಲಿದೆ ಎಂಬುದನ್ನು ಅರಿತು ಅತ್ತ ಹೆಜ್ಜೆಯಿಡುವವರು ಹತ್ತರಲ್ಲಿ ಒಬ್ಬರೂ ಇರಲಾರರು. ಆ ಗ್ರಾಮವೇ ಕದ್ವಾಡ.

ಪೇಟೆಯ ಗದ್ದಲವನ್ನು ಬಿಟ್ಟು ಪೂರ್ವಕ್ಕೆ ಹೊರಟ ನಮಗೆ ದಾರಿಯುದ್ದಕ್ಕೂ ಎಡಬದಿಯಲ್ಲಿ ಕಾಳಿಯ ಸಾನ್ನಿಧ್ಯ ತಿಳಿಯುತ್ತಲೇ ಇತ್ತು. ಕೆಲವೆಡೆ ತೆಂಗಿನ ಸಾಲುಗಳ ಸಂದಿನಲ್ಲಿ ನೀರು ಹೊಳೆಯುವುದು; ಕೆಲವೆಡೆ ಅದು ಕಾಣದೆ, ಉಪ್ಪುನೀರಿನ ವಾಸನೆ ಮಾತ್ರ ಗಾಳಿಯಲ್ಲಿ ಬರುವುದು. ಭತ್ತದ ಗದ್ದೆಗಳು, ಕೆಂಪುಕಲ್ಲಿನ ಗೋಡೆಯ ಹೆಂಚಿನ ಮನೆಗಳು, ಅಂಗಳದಲ್ಲಿ ತುಳಸಿಕಟ್ಟೆ. ಇಲ್ಲಿಯ ಮನೆಮಾತು ಬಹುತೇಕ ಕೊಂಕಣಿ. ಆದರೆ ನಾವು ಕನ್ನಡದಲ್ಲಿ ಕೇಳಿದ ಮಾತಿಗೆ ಕನ್ನಡದಲ್ಲಿಯೇ ಆದರದ ಉತ್ತರ ದೊರೆಯಿತು. ‘ಕಡೆಯ ವಾಡ’ ಎಂಬುದೇ ಕಡವಾಡ, ಕದ್ವಾಡವಾಯಿತೆಂದೂ, ಅದನ್ನು ಉಚ್ಚರಿಸಲಾರದ ಪರದೇಶೀಯರ ನಾಲಗೆಯಲ್ಲಿ ಅದು ‘ಕಾರ್ವಾರ್’ ಆಯಿತೆಂದೂ ಜನ ಹೇಳುತ್ತಾರೆ. ಕೋಠಿಯ ವಿಷಯ ಕೇಳಿದಾಗ ಒಬ್ಬ ವೃದ್ಧರು ನಗುತ್ತ, “ಇಂಗ್ಲಿಷರ ಕೋಠಿಯೇ? ಅದನ್ನು ನೋಡಲು ಬಂದಿದ್ದರೆ ನೀವು ಮುನ್ನೂರು ವರ್ಷ ತಡಮಾಡಿದಿರಿ ಸ್ವಾಮಿ” ಎಂದರು. ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಹೆಚ್ಚೇನೂ ಇರಲಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಕೆನರಾ ಪ್ರಾಂತದಲ್ಲಿ ಸಂಚರಿಸಿದಾಗಲೇ ಹಳೆಯ ಕಾರವಾರವು ಹಾಳುಬಿದ್ದಿತ್ತು.

ಇಂಥ ಶಾಂತ ಗ್ರಾಮಕ್ಕೆ ಸಾವಿರಾರು ಮೈಲಿ ದೂರದ ವರ್ತಕರು ಏಕೆ ಬಂದರು? ಕರಿಮೆಣಸಿಗಾಗಿ. ಘಟ್ಟದ ಮೇಲಿನ ಸ್ವಾದಿ ಸಂಸ್ಥಾನದ ತೋಟಗಳಲ್ಲಿ ಅಡಿಕೆ ಮರಗಳನ್ನು ತಬ್ಬಿ ಬೆಳೆಯುವ ಮೆಣಸಿನ ಖ್ಯಾತಿ ಯುರೋಪಿನ ಪೇಟೆಗಳನ್ನು ಮುಟ್ಟಿತ್ತು. 1638ರಲ್ಲಿ ವಿಲಿಯಂ ಕೋರ್ಟೀನ್ ಎಂಬವನ ವರ್ತಕ ಸಂಘವು, ಆಗ ವಿಜಾಪುರದ ಆದಿಲಶಾಹಿಗೆ ಸೇರಿದ್ದ ಈ ಬಂದರಿನಲ್ಲಿ ಕೋಠಿಯನ್ನು ತೆರೆಯಿತು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಮೆಣಸು, ಏಲಕ್ಕಿಗಳಿಗಿಂತಲೂ ಹೆಚ್ಚಾಗಿ ನಮ್ಮ ವಾಚಕರಿಗೆ ಕುತೂಹಲವಾಗುವ ಸಂಗತಿ ಇನ್ನೊಂದಿದೆ. 1660ರ ಸುಮಾರಿಗೆ ಪಶ್ಚಿಮ ತೀರದ ಅತ್ಯಂತ ನಯವಾದ ಮಲಮಲ್ ಬಟ್ಟೆ ಹಡಗನ್ನೇರುತ್ತಿದ್ದುದು ಇಲ್ಲಿಂದ. ಅದನ್ನು ನೇಯುತ್ತಿದ್ದವರು ಹುಬ್ಬಳ್ಳಿ ಮತ್ತು ಅದರ ಸುತ್ತಲಿನ ಊರುಗಳ ನೇಕಾರರು. ಅವರ ಸಂಖ್ಯೆ ಐವತ್ತು ಸಾವಿರದಷ್ಟಿತ್ತೆಂದು ಬ್ರಿಟಿಷರ ಕಾಲದ ಮುಂಬಯಿ ಗ್ಯಾಝೆಟಿಯರ್ ಹೇಳುತ್ತದೆ. ಇಂದು ನಮ್ಮ ಮನೆಗಳಲ್ಲಿ ಹುಬ್ಬಳ್ಳಿಗೂ ಕದ್ವಾಡಕ್ಕೂ ಏನು ಸಂಬಂಧ ಎಂದು ಕೇಳಿದರೆ ಹೇಳಬಲ್ಲವರು ಎಷ್ಟು ಜನ?

ಮೊದಲ ನೂರು ವರ್ಷಗಳ ಕಾಲ ಆಂಗ್ಲರು ಇಲ್ಲಿ ಯಜಮಾನರಾಗಿರಲಿಲ್ಲ. ಇತರರ ನೆಲದಲ್ಲಿ ಕುಳಿತ ಬಾಡಿಗೆದಾರರಾಗಿದ್ದರು. 1665ರಲ್ಲಿ ಶಿವಾಜಿ ಮಹಾರಾಜರು ಇತ್ತ ಬಂದಾಗ ಆಂಗ್ಲರೂ 112 ಪೌಂಡುಗಳ ಕಾಣಿಕೆ ತೆರಬೇಕಾಯಿತು. 1674ರಲ್ಲಿ ಕಾರವಾರ ಸುಟ್ಟುಹೋಯಿತು. ಕೋಠಿಗೆ ಮಾತ್ರ ಅಪಾಯ ತಟ್ಟಲಿಲ್ಲ. ಸ್ಥಳೀಯ ಅಧಿಕಾರಿಗಳ ಕಾಟ ತಾಳಲಾರದೆ 1679ರಲ್ಲಿ ಬಾಗಿಲು ಹಾಕಿ, 1682ರಲ್ಲಿ ಮತ್ತೆ ದೊಡ್ಡದಾಗಿ ತೆರೆದರು. ಎರಡೇ ವರ್ಷಗಳಲ್ಲಿ ಒಂದು ಸಣ್ಣ ಹಡಗಿನ ನಾವಿಕರು ಊರ ಹಸುವೊಂದನ್ನು ಕದ್ದು ಕೊಂದರು. ಆ ಅಪರಾಧಕ್ಕಾಗಿ ಜನರು ಕೆರಳಿ ಅವರನ್ನು ಊರಿನಿಂದಲೇ ಓಡಿಸುವ ಸ್ಥಿತಿ ಬಂತು. ಚರಿತ್ರೆಯ ಪುಸ್ತಕಗಳಲ್ಲಿ ಇದು ಒಂದು ಸಾಲಿನ ಸಂಗತಿ. ಆದರೆ ಕೋಠಿಯ ಲೆಕ್ಕಪತ್ರಗಳಲ್ಲಿ ಮೆಣಸಿನ ತೂಕ ಉಂಟು, ಬಟ್ಟೆಯ ಥಾನುಗಳ ಎಣಿಕೆ ಉಂಟು. ಊರವರು ಸಿಟ್ಟಾದ ದಿನ ಮಾತ್ರ ಅವರ ಇರವು ಆ ಕಾಗದಗಳಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ನಮ್ಮನ್ನು ಬಹಳ ಹೊತ್ತು ಯೋಚನೆಗೀಡುಮಾಡಿತು.

ಆ ಕೋಠಿಯ ಜೀವನ ಆಂಗ್ಲರಿಗೂ ಸುಖದ್ದಾಗಿರಲಿಲ್ಲ. ಕಾರವಾರದ ಎದುರಿಗೆ ಸಮುದ್ರದಲ್ಲಿ ಅಂಜದೀವ ಎಂಬ ದ್ವೀಪವಿದೆ. 1662ರಲ್ಲಿ ಮುಂಬಯಿಯನ್ನು ವಶಪಡಿಸಿಕೊಳ್ಳಲು ಇಂಗ್ಲೆಂಡಿನ ದೊರೆ ಕಳಿಸಿದ ಸೈನ್ಯಕ್ಕೆ ಪೋರ್ತುಗೀಜರು ಊರನ್ನು ಒಪ್ಪಿಸಲಿಲ್ಲ. ಸೇನಾನಿ ಅಬ್ರಹಾಂ ಶಿಪ್‌ಮನ್ ತನ್ನ ನಾನೂರಕ್ಕೂ ಹೆಚ್ಚು ಜನರನ್ನು ಈ ದ್ವೀಪದಲ್ಲಿ ಇಳಿಸಿದನು. ಜ್ವರ, ಹಸಿವೆಗಳಿಂದ ಅವರು ಒಬ್ಬೊಬ್ಬರಾಗಿ ಸತ್ತರು, 1664ರಲ್ಲಿ ಶಿಪ್‌ಮನ್ನನೂ ಸತ್ತನು. ಕೊನೆಗೆ ಮುಂಬಯಿ ಮುಟ್ಟಿದವರು ನೂರರ ಆಸುಪಾಸು. 1709ರಲ್ಲಿ ಹಡಗಿನ ಕಪ್ತಾನನೊಬ್ಬನು ಹದಿಮೂರು ಹದಿನಾಲ್ಕು ವರ್ಷದ ತನ್ನ ಮಗಳು ಕ್ಯಾಥರೀನಳನ್ನು ಕಾರವಾರದ ಕೋಠಿಯ ಮುದಿ ಮುಖ್ಯಸ್ಥನಿಗೆ ಮದುವೆ ಮಾಡಿಕೊಟ್ಟು ಮುಂದೆ ಬಂಗಾಲಕ್ಕೆ ಸಾಗಿದನು. ನಮ್ಮ ದೇಶದ ಬಾಲ್ಯವಿವಾಹವನ್ನು ಕುರಿತು ಆಂಗ್ಲರು ಮುಂದೆ ಬರೆದುದೆಲ್ಲವನ್ನೂ ಓದುವಾಗ ಈ ಹುಡುಗಿಯ ನೆನಪಾದರೆ ತಪ್ಪೇನು?

ಈ ಹೊತ್ತಿಗೆ ಕಾಳಿಯ ಆಚೆ ದಂಡೆಯಲ್ಲಿ ಬೇರೊಂದು ಶಕ್ತಿ ಬೆಳೆದಿತ್ತು. ಸ್ವಾದಿಯ ಅರಸರಲ್ಲಿ ನಂತರದವರು ವೀರಶೈವ ಮತಾವಲಂಬಿಗಳು. ಅವರಲ್ಲಿ ಸದಾಶಿವರಾಯನು ಕನ್ನಡದಲ್ಲಿ ಕೃತಿರಚನೆ ಮಾಡಿದವನು. ಅವನ ಮಗ ಬಸವಲಿಂಗನು 1715ರಲ್ಲಿ ಕಾರವಾರದ ಹಳೆಯ ಕೋಟೆಯನ್ನು ಕೆಡವಿಸಿ, ನದೀಮುಖದ ಗುಡ್ಡದ ಮೇಲೆ ಹೊಸ ಕೋಟೆ ಕಟ್ಟಿಸಿ, ಅದಕ್ಕೆ ತಂದೆಯ ಹೆಸರಿನಿಂದ ಸದಾಶಿವಗಡ ಎಂದು ಹೆಸರಿಟ್ಟನು. ಕೋಟೆಯ ತೋಪುಗಳ ಕೆಳಗೆ ಹಾಯ್ದೇ ಹಡಗು ಒಳಬರಬೇಕು. ಆಂಗ್ಲರಿಗೆ ಇದರ ಅರ್ಥ ತಿಳಿಯದಿರಲಿಲ್ಲ. 1717ರಲ್ಲಿ ಸ್ವಾದಿಯ ಪಡೆ ಕೋಠಿಯನ್ನು ಮುತ್ತಿತು; ಬಿಡಿಸಲು ಮುಂಬಯಿಯಿಂದ ಬಂದ ದಂಡು ದಡದ ಮೇಲೆ ಪೆಟ್ಟು ತಿಂದು, ಕೊನೆಗೆ ಸಂಧಿಯಾಯಿತು. 1720ರಲ್ಲಿ ಕೋಠಿ ಎದ್ದುಹೋಯಿತು. ಮತ್ತೆ ಅನುಮತಿ ದೊರೆತದ್ದು 1750ರಲ್ಲಿ. ಎರಡು ವರ್ಷಗಳಲ್ಲಿ ಪೋರ್ತುಗೀಜರು ಸದಾಶಿವಗಡವನ್ನು ಹಿಡಿದು ವ್ಯಾಪಾರವೆಲ್ಲ ತಮ್ಮದೆಂದಾಗ ಆಂಗ್ಲರು ಮತ್ತೆ ಹೊರಟರು.

ಸ್ವಾದಿಯವರು ನಮ್ಮ ಮತದವರೆಂಬ ಅಭಿಮಾನದಿಂದ ಈ ಗೆಲುವನ್ನು ಹಾಡಿ ಹೊಗಳುವುದು ಸುಲಭ. ಆದರೆ ಅವರ ಕಣ್ಣೂ ಮೆಣಸಿನ ಸುಂಕದ ಮೇಲೆಯೇ ಇತ್ತು. ಅವರೂ ಪೋರ್ತುಗೀಜ, ಆಂಗ್ಲರಿಬ್ಬರೊಡನೆಯೂ ಸಮಯ ನೋಡಿ ಕೈಕುಲುಕಿದವರೇ. 1763ರ ಸುಮಾರಿಗೆ ಹೈದರಾಲಿಯು ಸ್ವಾದಿಯನ್ನು ಗೆದ್ದಾಗ ಕಡೆಯ ಅರಸ ಇಮ್ಮಡಿ ಸದಾಶಿವನು ಗೋವೆಗೆ ಹೋಗಿ ಪೋರ್ತುಗೀಜರ ಆಶ್ರಯದಲ್ಲಿ ಬಾಳಿದನು. ಸದಾಶಿವಗಡದ ಗುಡ್ಡವನ್ನು ಹತ್ತಿದರೆ ದುರ್ಗಾದೇವಿಯ ಗುಡಿಯ ಬಳಿ ನಿಂತು ನದಿ ಸಮುದ್ರಗಳ ಸಂಗಮವನ್ನು ಕಣ್ತುಂಬ ನೋಡಬಹುದು. ಕೆಳಗೆ ಹೆದ್ದಾರಿಯ ಸೇತುವೆ. ಹಳೆಯ ಸೇತುವೆಯು 2024ರ ಆಗಸ್ಟ್ ತಿಂಗಳ ಒಂದು ರಾತ್ರಿ ನದಿಗೆ ಕುಸಿದುಬಿದ್ದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು.

ಇಷ್ಟು ಹೊತ್ತು ಹೇಳಿದ್ದು ಅರಸರ, ವರ್ತಕರ ಕಥೆ. ಕದ್ವಾಡ, ಅಂಕೋಲೆ, ಜೋಯಿಡಾಗಳ ಮೂಲನಿವಾಸಿಗಳ ಬದುಕು ಬುಡಮೇಲಾದದ್ದು ಕೋಠಿಯಿಂದಲ್ಲ. ಕೋಠಿ ಹೋಗಿ ಕಚೇರಿ ಬಂದುದರಿಂದ.

1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೆನರಾ ಕಂಪನಿಯ ಕೈಸೇರಿತು. ಆರು ದಶಕಗಳ ನಂತರ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು, ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ದೊರೆಯದಾಯಿತು. ಮ್ಯಾಂಚೆಸ್ಟರಿನವರ ದೃಷ್ಟಿ ಧಾರವಾಡದ ಹತ್ತಿಯ ಮೇಲೆ ಬಿತ್ತು. ಅದನ್ನು ಹಡಗಿಗೇರಿಸಲು ಸದಾಶಿವಗಡದ ಬಂದರೇ ಸಮೀಪವೆಂದು ಅವರು ಒತ್ತಾಯಿಸಿದರು, ತಮ್ಮದೇ ಒಂದು ಕಂಪನಿ ಕಟ್ಟಿ ಮನುಷ್ಯರನ್ನೂ ಯಂತ್ರಗಳನ್ನೂ ಕಳಿಸಿದರು. 1862ರಲ್ಲಿ ಉತ್ತರ ಕೆನರಾವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅಲ್ಲಿಯವರೆಗೆ ಬೆಸ್ತರ ಹಳ್ಳಿಯಾಗಿದ್ದ ಕಡಲದಂಡೆಯಲ್ಲಿ ಕಲೆಕ್ಟರರ ಕಚೇರಿ, ನ್ಯಾಯಾಲಯ, ಬಂಗಲೆ, ನೇರ ರಸ್ತೆಗಳ ಹೊಸ ಊರು ಎದ್ದಿತು. ಅದಕ್ಕೆ ಹಳೆಯ ಕದ್ವಾಡದ ಹೆಸರನ್ನೇ ಕೊಂಡೊಯ್ದರು. ಊರೊಂದು ಬಡವಾಗುವುದು ಹೀಗೂ ಉಂಟು. 1883ರಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ರವೀಂದ್ರರು ಬಂದು, ಕಾಳಿಯಲ್ಲಿ ದೋಣಿಯೇರಿ ವಿಹರಿಸಿದ್ದು ಈ ಹೊಸ ಕಾರವಾರದಲ್ಲಿಯೇ. ಹತ್ತಿಯ ಕನಸು ಮಾತ್ರ ನನಸಾಗಲಿಲ್ಲ. ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ರೈಲು ಗೋವೆಯ ಮರ್ಮಗೋವಾ ಬಂದರಿಗೆ ಹೋಯಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬೇಕೆಂಬ ಕೂಗು ಇಂದಿಗೂ ಮುಗಿದಿಲ್ಲ.

ಹತ್ತಿ ಹೋದರೂ ಕಾಡು ಉಳಿಯಿತು. ಕಾಳಿ ಕಣಿವೆಯ ಸಾಗವಾನಿ ಹಡಗಿಗೆ ಬೇಕು, ರೈಲಿಗೆ ಬೇಕು. ಆ ಕಾಡಿನಲ್ಲಿ ಕುಣಬಿಯರು, ಅದರ ಕೆಳಗಿನ ತಪ್ಪಲಿನಲ್ಲಿ ಹಾಲಕ್ಕಿ ಒಕ್ಕಲಿಗರು ತಲೆತಲಾಂತರದಿಂದ ಬಾಳಿದ್ದರು. ಗೋವೆಯ ಪೋರ್ತುಗೀಜ ಯಜಮಾನರಿಂದ ತಪ್ಪಿಸಿಕೊಂಡು ಬಂದ ಆಫ್ರಿಕದ ಗುಲಾಮರಿಗೂ ಇದೇ ಕಾಡು ಆಶ್ರಯ ಕೊಟ್ಟಿತ್ತು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಸಿದ್ದಿಗಳು ಅವರ ಸಂತಾನ. ಕಾಡಿನವರ ಬೇಸಾಯಕ್ಕೆ ಕುಮರಿ ಎಂದು ಹೆಸರು. ಚಳಿಗಾಲದಲ್ಲಿ ಗುಡ್ಡದ ಒಂದು ಪಟ್ಟಿಯನ್ನು ಕಡಿದು ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ಬೆಳೆ ತೆಗೆದ ಮೇಲೆ ಹತ್ತಾರು ವರ್ಷ ಆ ನೆಲವನ್ನು ಕಾಡಿಗೇ ಬಿಟ್ಟು ಬೇರೆಡೆಗೆ ಹೋಗುವುದು. ನೇಗಿಲಿಲ್ಲ, ಎತ್ತಿಲ್ಲ, ಪಟ್ಟಾ ಪುಸ್ತಕವಂತೂ ಇಲ್ಲವೇ ಇಲ್ಲ.

ಸರ್ಕಾರದ ಕಣ್ಣಿಗೆ ಇದು ಮರಗಳ ನಾಶವಾಗಿ ಕಂಡಿತು. 1860ರ ಸುಮಾರಿಗೆ ಮದರಾಸು ಸರ್ಕಾರವು ಅನುಮತಿಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಮಾಡುವುದನ್ನು ನಿಷೇಧಿಸಿತು; ಮುಂಬಯಿ ಸರ್ಕಾರವು ಅದನ್ನು ಇನ್ನಷ್ಟು ಬಿಗಿಗೊಳಿಸಿತು. 1878ರ ಅರಣ್ಯ ಕಾಯಿದೆಯ ಬಳಿಕ ಕಾಡಿಗೆ ಗಡಿ ಬಿದ್ದವು. ಇದು ಕಾಯ್ದಿಟ್ಟ ಕಾಡು, ಇದು ರಕ್ಷಿತ ಕಾಡು ಎಂದು ವಿಂಗಡಣೆಯಾಯಿತು. ಬೂದಿಯಲ್ಲಿ ಬಿತ್ತುವುದು ಅಪರಾಧವಾಯಿತು, ಸೌದೆಗೆ, ಬಿದಿರಿಗೆ, ಮೇವಿಗೆ ಅಪ್ಪಣೆ ಬೇಕಾಯಿತು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಘಟ್ಟದ ಮೇಲಿನ ಅಡಿಕೆ ತೋಟಿಗರಿಗೆ ಸೊಪ್ಪು ತರಗೆಲೆಗಳಿಗಾಗಿ ‘ಬೆಟ್ಟ’ದ ಸವಲತ್ತನ್ನು ಅದೇ ಸರ್ಕಾರ ಉಳಿಸಿಕೊಟ್ಟಿತು. ತೋಟಕ್ಕೆ ಕಂದಾಯವಿತ್ತು, ಕಂದಾಯಕ್ಕೆ ರಶೀದಿಯಿತ್ತು, ರಶೀದಿ ಇದ್ದವನಿಗೆ ಹಕ್ಕಿತ್ತು. ಕುಮರಿಯವನ ಬಳಿ ಕತ್ತಿ ಮತ್ತು ಬೀಜದ ಬುಟ್ಟಿಯಷ್ಟೇ ಇದ್ದವು. ಹೀಗೆ ಕೂಲಿಗೆ ಇಳಿದವರು ಮತ್ತೆ ಮೇಲೇಳಲು ಎಷ್ಟೋ ಕಾಲ ಹಿಡಿಯಿತು.

ಜನ ಸುಮ್ಮನಿದ್ದರೆಂದು ತಿಳಿಯಬಾರದು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಅದರ ಬೆನ್ನಿಗೆ ಬಂದ ಕರನಿರಾಕರಣೆಯಲ್ಲಿ ಅಂಕೋಲೆ, ಸಿದ್ದಾಪುರ ತಾಲೂಕುಗಳ ರೈತರು ಮನೆ, ಗದ್ದೆ, ದನಕರುಗಳನ್ನು ಕಳೆದುಕೊಂಡರೂ ಬಗ್ಗಲಿಲ್ಲ. ಅಂಕೋಲೆಯನ್ನು ‘ಕರ್ನಾಟಕದ ಬಾರ್ಡೋಲಿ’ ಎಂದು ನಾಡು ಕರೆದುದು ಇದಕ್ಕಾಗಿ. ಕರ ಕೊಡುವ ನೆಲವಿದ್ದವನು ಕರವನ್ನು ನಿರಾಕರಿಸಬಲ್ಲನು. ನೆಲವೇ ಇಲ್ಲದ ಹಾಲಕ್ಕಿ ಕೂಲಿಯವನಿಗೆ ನಿರಾಕರಿಸಲು ತನ್ನ ದುಡಿಮೆಯ ಹೊರತು ಬೇರೇನಿತ್ತು?

ಸ್ವಾತಂತ್ರ್ಯದ ನಂತರವೂ ಈ ಕಡಲತೀರದ ಜನ ಎದ್ದು ಹೋಗುವುದು ನಿಲ್ಲಲಿಲ್ಲ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಬಂದವು. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಅರ್ಗಾದಲ್ಲಿ ‘ಸೀಬರ್ಡ್’ ನೌಕಾನೆಲೆಗೆ ಅಡಿಗಲ್ಲಿಟ್ಟರು; ಕಾರವಾರ, ಅಂಕೋಲೆ ತಾಲೂಕುಗಳ ಹದಿಮೂರು ಹಳ್ಳಿಗಳ ನಾಲ್ಕು ಸಾವಿರಕ್ಕೂ ಅಧಿಕ ಕುಟುಂಬಗಳು ಮನೆಬಿಟ್ಟವು. ದೇಶದ ರಕ್ಷಣೆಯ ಅಗತ್ಯವನ್ನು ನಾವು ಲಘುವಾಗಿ ಕಾಣುವುದಿಲ್ಲ. ಇದೇ ಅಂಜದೀವದಿಂದ 1961ರ ನವೆಂಬರ್‌ನಲ್ಲಿ ಪೋರ್ತುಗೀಜರು ನಮ್ಮ ಹಡಗಿನ ಮೇಲೆ ಗುಂಡು ಹಾರಿಸಿದ್ದು, ಡಿಸೆಂಬರ್‌ನಲ್ಲಿ ಆ ದ್ವೀಪವನ್ನು ಬಿಡಿಸಿಕೊಳ್ಳುವಾಗ ನಮ್ಮ ನಾವಿಕರು ಪ್ರಾಣ ತೆತ್ತದ್ದು ಮರೆಯುವಂಥದಲ್ಲ. ಆದರೆ ಪರದೇಶೀಯರ ಆಳ್ವಿಕೆಯಲ್ಲಿ ಕಾಡನ್ನು ಬಿಟ್ಟ ಜನರ ಪಕ್ಕದಲ್ಲಿಯೇ ಸ್ವದೇಶೀಯರ ಆಳ್ವಿಕೆಯಲ್ಲಿ ಕಡಲನ್ನು ಬಿಟ್ಟ ಬೆಸ್ತರೂ ಪರಿಹಾರಕ್ಕಾಗಿ ಬಹುಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತೆಂಬುದು ಸುಳ್ಳಲ್ಲ.

ಅಂಕೋಲೆಯ ಕಡೆಗೆ ಹೋದಾಗ ಹೊನ್ನಳ್ಳಿಯ ತುಳಸಿ ಗೌಡರ ಹೆಸರನ್ನು ಎಲ್ಲರ ಬಾಯಲ್ಲಿಯೂ ಕೇಳಿದೆವು. ಕೊರಳ ತುಂಬ ಮಣಿಸರ, ಬರಿಗಾಲು, ರವಿಕೆಯಿಲ್ಲದೆ ಉಟ್ಟ ಸೀರೆ. ಅದೇ ಉಡುಗೆಯಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ 2021ರಲ್ಲಿ ಪದ್ಮಶ್ರೀ ಸ್ವೀಕರಿಸಿದ ಹಾಲಕ್ಕಿ ತಾಯಿ. ಅರಣ್ಯ ಇಲಾಖೆಯ ಸಸಿತೋಟದಲ್ಲಿ ದಿನಗೂಲಿಯಾಗಿ ದಶಕಗಳ ಕಾಲ ದುಡಿದು ಲೆಕ್ಕವಿಲ್ಲದಷ್ಟು ಸಸಿಗಳನ್ನು ಬೆಳೆಸಿದರು. ಯಾವ ಮರದ ಬೀಜ ಯಾವಾಗ ಹಣ್ಣಾಗುತ್ತದೆ, ತಾಯಿಮರ ಎಲ್ಲಿದೆ ಎಂಬುದು ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಕಂಠಪಾಠವಾಗಿತ್ತು. ಕಾಡಿನ ವೈರಿಗಳೆಂದು ಒಂದು ಕಾಲದ ಸರ್ಕಾರ ಹೊರಗಿಟ್ಟ ಜನರ ಮಗಳಿಂದಲೇ ಕಾಡನ್ನು ಮತ್ತೆ ಬೆಳೆಸುವ ಕೆಲಸ ಅದೇ ಇಲಾಖೆಗೆ ಬೇಕಾಯಿತು. ಅವರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಎರಡೇ ತಿಂಗಳಲ್ಲಿ, ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟಿದ್ದ ಬಡಗೇರಿಯ ಸುಕ್ರಿ ಬೊಮ್ಮ ಗೌಡರೂ ಹೊರಟುಹೋದರು.

ಹಾಲಕ್ಕಿಗಳನ್ನೂ ಕುಣಬಿಯರನ್ನೂ ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ದಶಕಗಳದ್ದು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದರು; ಅದೇ ವರ್ಷ ಗಡಿಯಾಚೆ ಗೋವೆಯ ಕುಣಬಿಯರೂ ಸೇರಿದರು. ಗಡಿಯ ಈಚೆಯ ಕುಣಬಿ ಬಂಧುಗಳು ಹೊರಗುಳಿದರು. ಇದರ ಪರಿಣಾಮ 2006ರ ಅರಣ್ಯಹಕ್ಕು ಕಾಯಿದೆಯಲ್ಲಿ ಎದ್ದು ಕಾಣುತ್ತದೆ. ಪಟ್ಟಿಯಲ್ಲಿ ಇಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ ಅಲ್ಲಿಯೇ ಬಾಳಿದುದಕ್ಕೆ ಸಾಕ್ಷಿ ಕೊಡಬೇಕು. ಲೆಕ್ಕ ಹಾಕಿದರೆ ಅದು 1930ಕ್ಕೆ ಮುಟ್ಟುತ್ತದೆ. ಆಗ ಕಾಗದ ಬರೆಯುತ್ತಿದ್ದವರು ಯಾರು? ಅಕ್ಷರವಿಲ್ಲದ ಕುಮರಿಯವನಲ್ಲ, ಅವನನ್ನು ಎಬ್ಬಿಸಿದ ಕಚೇರಿ. ಊರ ಹಿರಿಯರ ಹೇಳಿಕೆಯೂ ಸಾಕ್ಷಿಯೆಂದು ನಿಯಮ ಒಪ್ಪುತ್ತದೆ. ಆದರೂ ಜಿಲ್ಲೆಯಲ್ಲಿ ಅರ್ಜಿಗಳು ರಾಶಿರಾಶಿಯಾಗಿ ತಿರಸ್ಕೃತವಾಗಿವೆ. ಅಜ್ಜ ಕಟ್ಟಿದ ದಂಡದ ರಶೀದಿ ಮನೆಯ ಮಾಡಿನಲ್ಲಿ ಸಿಕ್ಕಿದರೆ ಮೊಮ್ಮಗನಿಗೆ ಅದೇ ಆಸ್ತಿ.

ಉಳವಿಗೆ ಹೋಗುವ ನಮ್ಮ ಚಕ್ಕಡಿಗಳು ಹಾಯುವುದು ಈ ಕುಣಬಿಯರ ವಾಡೆಗಳ ನಡುವೆಯೇ. ಅವರು ಬೆಳೆದ ಗೆಡ್ಡೆಗೆಣಸುಗಳು ಜೋಯಿಡಾದ ಸಂತೆಯಲ್ಲಿ ದೊರೆಯುತ್ತವೆ; ಕೊಂಡು ಬಂದು ನೋಡಿ, ನಮ್ಮ ಬಯಲುಸೀಮೆಯ ಗೆಣಸಿನ ರುಚಿಯೇ ಬೇರೆ, ಅದರ ರುಚಿಯೇ ಬೇರೆ. ಯಾತ್ರೆಗೆ ಒಂದು ದಿನ ಹೆಚ್ಚು ಇಟ್ಟುಕೊಂಡವರು ಕಾರವಾರದಲ್ಲಿ ತಂಗಿ, ಬೆಳಗಿನ ಹೊತ್ತಿನಲ್ಲಿ ಕದ್ವಾಡಕ್ಕೆ ಹೋಗಬಹುದು, ಸಂಜೆ ಸದಾಶಿವಗಡ. ಮಳೆಗಾಲದಲ್ಲಿ ಅಣಶಿ ಘಟ್ಟದಲ್ಲಿ ಮಣ್ಣು ಕುಸಿಯುವುದುಂಟು, ಮಾಘದಲ್ಲಿ ಆ ಭಯವಿಲ್ಲ. ಕಾಳಿಯ ದಂಡೆಯಲ್ಲಿ ಬಿಸಿಲು ಬೇಗ ಏರುತ್ತದೆ, ವೃದ್ಧರನ್ನೂ ಮಕ್ಕಳನ್ನೂ ಕರೆದೊಯ್ಯುವವರು ಕುಡಿಯುವ ನೀರನ್ನು ಜೊತೆಯಲ್ಲಿಟ್ಟುಕೊಳ್ಳುವುದು ಒಳಿತು.